ಧನುರ್ಮಾಸದಲ್ಲಿ ಸಿಕ್ಕ ರಜೆ, ಸಂಕ್ರಾಂತಿ ಕಳೆದ ಮೇಲೆ ಬಂದ ಸುದ್ದಿ

ತಂಗಿ,

ನಿಟುವಳ್ಳಿ ಹುಡುಗಿ ಅಂತ ಬರೆದಿದ್ದೀಯ. ಇನ್ನು ‘ನೀವು’ ಅನ್ನೋಕೆ ನನಗೆ ಬಾಯಿ ಬರಲ್ಲ, ಬೇಜಾರು ಮಾಡ್ಕೋಬೇಡ. ನನ್ನ ತವರೂ ಅದೇ ದಾವಣಗೆರೆ, ವಿನೋಬನಗರ. ಈ ಟೊರಾಂಟೊ ಕಡೆ ಬಂದು ಸಂಸಾರ ಹೂಡಿ, ಮಕ್ಕಳು ಹೈಸ್ಕೂಲಿಗೆ ಬಂದಿದಾರೆ ಅಂದ್ರೆ ಎಷ್ಟು ಕಾಲ ಆಯ್ತು ಅಂತ ನೀನೇ ಲೆಕ್ಕ ಹಾಕ್ಕೋ.

ನೀನು ಬರೆದದ್ದನ್ನ ನಾನು ಅರ್ಥ ಮಾಡ್ಕೊಂಡಿದ್ದು ಹೀಗೆ. ಸೆಪ್ಟೆಂಬರಿನಲ್ಲಿ ಗಂಡನ ಜೊತೆ ಟೊರಾಂಟೊ ಪಕ್ಕದ ಮಿಸ್ಸಿಸಾಗಾಕ್ಕೆ ಬಂದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಆಫೀಸು ಮುಚ್ಚಿತ್ತು, ಹೊರಗೆ ಕಾಲಿಡೋಕಾಗದ ಚಳಿ, ದಿನಾ ಊರಿಗೆ ವಿಡಿಯೋ ಕಾಲ್ ಮಾಡ್ಕೊಂಡು ಕೂತೆ. ಎಲ್ಲರ ಮುಖ ನೋಡಿದೆ, ಸಿಕ್ಕಿದ್ದು ಮಾತ್ರ ‘ಆರಾಮದೀವಿ, ಊಟ ಆತಾ, ಅಲ್ಲಿ ಚಳಿ ಹೆಂಗೈತೆ’ ಇಷ್ಟೇ. ರಜೆ ಮುಗಿಸಿ ಆಫೀಸಿಗೆ ಹೋದ್ರೆ ಅಲ್ಲಿ ಪ್ರತಿಯೊಬ್ಬರೂ ಮನೆಮಂದಿ ಜೊತೆ ಹಬ್ಬ ಮಾಡಿದ ಕತೆ ಹೇಳೋರೇ. ಸಂಕ್ರಾಂತಿ ಕಳೆದು ವಾರದೊಳಗೆ ತಮ್ಮನಿಗೆ ಹೆಣ್ಣು ಗೊತ್ತಾದ ವಿಷಯ ಚಿಕ್ಕಮ್ಮನ ಮಗಳ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಕಣ್ಣಿಗೆ ಬಿತ್ತು. ಇಲ್ಲಿ ಬದುಕು ಯಾವಾಗಲೂ ಹೀಗೇನಾ, ಮುಂದಿನ ಡಿಸೆಂಬರ್‌ಗೆ ಟಿಕೆಟ್ ಮಾಡಿಸಿಬಿಡಲಾ, ಇಲ್ಲ ಅಪ್ಪಾಜಿ-ಅವ್ವನ್ನ ಇಲ್ಲಿಗೇ ಕರೆಸಿಕೊಳ್ಳಲಾ ಅಂತ ಕೇಳಿದ್ದೀಯ.

ಡಿಸೆಂಬರ್ ಕೊನೇಲಿ ಊರಿಂದ ಸುದ್ದಿ ಬರಲಿಲ್ಲ ಅಂತ ಕೊರಗಬೇಡ. ಆಗ ಅಲ್ಲಿ ಸುದ್ದಿನೇ ಇರಲ್ಲ. ಡಿಸೆಂಬರ್ 16ರ ಹೊತ್ತಿಗೆ ಧನುರ್ಮಾಸ ಕೂತರೆ ಸಂಕ್ರಾಂತಿವರೆಗೂ ಏಳಲ್ಲ. ಮದುವೆ ಇಲ್ಲ, ನಿಶ್ಚಿತಾರ್ಥ ಇಲ್ಲ, ಗೃಹಪ್ರವೇಶ ಇಲ್ಲ, ಹೆಣ್ಣು ನೋಡೋಕೂ ಯಾರೂ ಹೊರಡಲ್ಲ. ನಮ್ಮ ಕಡೆ ಶಾಲೆಗೆ ದೊಡ್ಡ ರಜೆ ಅಂದ್ರೆ ದಸರಾ, ಆಮೇಲೆ ಏಪ್ರಿಲ್-ಮೇ. ಕ್ರಿಸ್‌ಮಸ್‌ಗೆ ಬಹಳ ಕಡೆ ಒಂದೇ ದಿನ. ಅಂದ್ರೆ ನಿನಗೆ ರಜೆ ಸಿಕ್ಕಿದ್ದು ಊರಲ್ಲಿ ಏನೂ ನಡೀದೇ ಇರೋ ತಿಂಗಳಲ್ಲಿ. ಏನೂ ನಡೀದಿದ್ದಾಗ ದಿನಕ್ಕೆರಡು ಸಲ ಫೋನ್ ಮಾಡಿ ‘ಏನ್ ಸಮಾಚಾರ’ ಅಂದ್ರೆ ಅವರಾದ್ರೂ ಏನು ಹೇಳಬೇಕು? ಸಂಕ್ರಾಂತಿ ದಿನ ಬುತ್ತಿ ಕಟ್ಕೊಂಡು ಹರಿಹರಕ್ಕೆ ಹೋಗಿ ಹೊಳೆಲಿ ಮಿಂದು ಬಂದ್ರೋ ಇಲ್ವೋ, ಮಾರನೇ ದಿನದಿಂದ ಊರು ಎದ್ದು ಓಡಾಡೋಕೆ ಶುರು. ಮಧ್ಯಸ್ತಿಕೆಯವರು ಫೋಟೋ ಹಿಡ್ಕೊಂಡು ಬರ್ತಾರೆ, ಕಲ್ಯಾಣ ಮಂಟಪಕ್ಕೆ ಅಡ್ವಾನ್ಸ್ ಕೊಡ್ತಾರೆ, ಹಾವೇರಿ, ಚಿತ್ರದುರ್ಗದ ಕಡೆಯೋರು ಮದುವೆ ಜವಳಿ ತೆಗೆಯೋಕೆ ದಾವಣಗೆರೆಗೆ ಬಂದು ನಮ್ಮ ನೆಂಟರ ಮನೇಲಿ ಊಟಕ್ಕೆ ಇಳೀತಾರೆ. ನಿಮ್ಮ ಮನೇಲಿ ಆದದ್ದೂ ಅದೇ. ಎಲ್ಲಾ ಶುರುವಾದದ್ದು ನೀನು ಬೂಟು ಹಾಕ್ಕೊಂಡು ಹಿಮ ತುಳೀತಾ ಬಸ್ಸಿಗೆ ನಿಲ್ಲೋಕೆ ಶುರು ಮಾಡಿದ ಮೇಲೆ.

ಇದನ್ನ ಒಂದು ಸಲ ಮನಸ್ಸಿಗೆ ತಗೊಂಡ್ರೆ ರಜೆ ಹಾಕೋ ಲೆಕ್ಕ ಬದಲಾಗುತ್ತೆ. ನಾವಿರೋ ಒಂಟಾರಿಯೊ ಪ್ರಾಂತ್ಯದಲ್ಲಿ ವರ್ಷದ ಕೊನೆಯ ಆ ವಾರಕ್ಕೆ ಡಿಸೆಂಬರ್ 25, ಬಾಕ್ಸಿಂಗ್ ಡೇ ಅನ್ನೋ 26, ಜನವರಿ 1, ಈ ಮೂರೇ ಸಾರ್ವಜನಿಕ ರಜೆ. ನಡುವಿನ ದಿನಗಳಿಗೆ ಆಫೀಸು ಮುಚ್ಚಿದ್ರೂ ಅದು ಎಷ್ಟೋ ಕಡೆ ನಿನ್ನ ವಾರ್ಷಿಕ ರಜೆಯಿಂದಲೇ ಕಳೆದಿರುತ್ತೆ. ಕಾನೂನಿನ ಪ್ರಕಾರ ಮೊದಲ ಐದು ವರ್ಷ ವರ್ಷಕ್ಕೆ ಎರಡು ವಾರ, ಐದು ತುಂಬಿದ ಮೇಲೆ ಮೂರು ವಾರ. ಕೆಲವು ಕಂಪನಿ ಜಾಸ್ತಿ ಕೊಡ್ತವೆ. ಎಷ್ಟು ಉಳಿದಿದೆ ಅಂತ ಇವತ್ತೇ ಎಚ್‌ಆರ್‌ನವರನ್ನ ಕೇಳು. ಮುಂದಿನ ಸಲ ಮ್ಯಾನೇಜರಿಗೆ ಮೊದಲೇ ಹೇಳಿ, ಬೇರೆಯವರೆಲ್ಲ ಊರಿಗೆ ಹೋದಾಗ ನೀನು ಕೆಲಸಕ್ಕೆ ಕೂತು, ನಿನ್ನ ದಿನಗಳನ್ನ ಉಳಿಸ್ಕೊಂಡ್ರೆ ಅವರಿಗೂ ಅನುಕೂಲ.

ಇನ್ನು ಫೋನು. ಇಲ್ಲಿಗೂ ಅಲ್ಲಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಮಾರ್ಚ್ ಎರಡನೇ ಭಾನುವಾರ ಇಲ್ಲಿ ಗಡಿಯಾರ ಮುಂದಕ್ಕೆ ಹಾಕಿದ ಮೇಲೆ ಒಂಬತ್ತೂವರೆ. ರಜೆಲಿ ನೀನು ಎದ್ದು, ಕಾಫಿ ಕುಡಿದು, ನಿಧಾನಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಹಚ್ಚಿರ್ತೀಯ. ಅಲ್ಲಿ ರಾತ್ರಿ ಹತ್ತೂವರೆ. ಅಪ್ಪಾಜಿ ಅರ್ಧ ನಿದ್ದೇಲಿ, ಅವ್ವ ಬಾಗಿಲು ಹಾಕೋ ಗಡಿಬಿಡೀಲಿ. ಆ ಹೊತ್ತಲ್ಲಿ ಯಾರ ಬಾಯಲ್ಲೂ ಮಾತು ಹೊರಡಲ್ಲ. ನನ್ನ ಅನುಭವದಲ್ಲಿ ಒಳ್ಳೆ ಹೊತ್ತು ಅಂದ್ರೆ ಇಲ್ಲಿ ಬೆಳಿಗ್ಗೆ ಏಳು. ಅಲ್ಲಿ ಸಂಜೆ ಐದೂವರೆ. ಅವ್ವ ಮೊರದ ತುಂಬ ಅವರೆಕಾಯಿ ಇಟ್ಕೊಂಡು ಜಗಲಿ ಮೇಲೆ ಕೂತಿರ್ತಾಳೆ, ಪಕ್ಕದ ಮನೆಯೋಳೂ ಕೈ ಹಾಕಿರ್ತಾಳೆ. ಕೈಗೆ ಕೆಲಸ ಇದ್ದಾಗ ನಮ್ಮೂರ ಹೆಂಗಸರು ಎಂಥಾ ಮಾತಾಡ್ತಾರೆ ಅಂತ ನಿನಗೆ ಗೊತ್ತಲ್ಲ. ಫೋನನ್ನ ಗೋಡೆಗೆ ಒರಗಿಸಿ ಇಡೋಕೆ ಹೇಳು, ಮುಖ ಕಾಣದಿದ್ರೂ ಪರವಾಗಿಲ್ಲ. ನನಗೆ ಬರೇ ಮೊರ, ಬಳೆ, ಸಿಪ್ಪೆ ಬೀಳೋ ಬುಟ್ಟಿ ಕಾಣ್ತಿರುತ್ತೆ. ಮಾತು ಮಾತ್ರ ಓಣಿ ಪೂರ್ತಿ ಸುತ್ತಿ ಬರುತ್ತೆ. ಇನ್ನೊಂದು ಹೊತ್ತು ಇಲ್ಲಿ ರಾತ್ರಿ ಎಂಟೂವರೆ, ಅಲ್ಲಿ ಬೆಳಿಗ್ಗೆ ಏಳು. ಅಪ್ಪಾಜಿ ಕುಂದವಾಡ ಕೆರೆ ಸುತ್ತಿ ಬಂದು ಪೇಪರ್ ಹಿಡಿದಿರ್ತಾರೆ. ಆದ್ರೆ ನಲ್ಲೀಲಿ ನೀರು ಬರೋ ದಿನ ಅಪ್ಪಿತಪ್ಪಿ ಆ ಹೊತ್ತಿಗೆ ಮಾಡಬೇಡ, ಬೈಸ್ಕೋತೀಯ.

ಹೊತ್ತಿಗಿಂತ ಮುಖ್ಯ ಏನು ಕೇಳ್ತೀಯ ಅನ್ನೋದು. ಇದರಲ್ಲಿ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನನಗೆ ಇದು ಯಾರೂ ಹೇಳಿಕೊಡಲಿಲ್ಲ. ‘ಹೇಗಿದೀರಿ’ ಅಂದ್ರೆ ‘ಆರಾಮ’ ಅನ್ನೋದು ನಮ್ಮೋರ ಬಾಯಿಪಾಠ. ಅದು ಸುಳ್ಳೂ ಅಲ್ಲ, ನಿಜಾನೂ ಅಲ್ಲ. ಅದರ ಬದಲು ಜನವರೀಲಿ ಅಪ್ಪಾಜಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಭದ್ರಾ ಡ್ಯಾಂ ಎಷ್ಟು ಅಡಿ ಐತೆ? ನಿಮ್ಮದೂ ನಾಲೆ ಕೆಳಗಿನ ಗದ್ದೆ ಅಂತ ಬರೆದಿದ್ದೀಯ. ಜಲಾಶಯದ ಪೂರ್ಣ ಮಟ್ಟ 186 ಅಡಿ ಅನ್ನೋದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಬೇಸಿಗೆ ಬೆಳೆಗೆ ಬಲದಂಡೆ ನಾಲೆಗೆ ನೀರು ಬಿಡೋ ಮಾತು ನಡೆಯೋದು ಈ ತಿಂಗಳಲ್ಲೇ. ಡ್ಯಾಂ ಇರೋ ಲಕ್ಕವಳ್ಳಿಯಿಂದ ಹೊರಟ ನೀರು ಎಲ್ಲರ ಹೊಲ ಗದ್ದೆ ದಾಟಿ ಕೊನೆಗೆ ನಮ್ಮ ಕಡೆ ಬರಬೇಕು. ಕೊನೆ ಭಾಗದೋರಿಗೆ ತಲುಪುತ್ತೋ ಇಲ್ವೋ ಅನ್ನೋ ಜಗಳ ವರ್ಷ ವರ್ಷ ಇದ್ದದ್ದೇ. ಇದನ್ನ ಕೇಳಿ ನೋಡು, ಅಪ್ಪಾಜಿ ಕುರ್ಚಿ ಎಳ್ಕೊಂಡು ಕೂರ್ತಾರೆ. ನಮ್ಮನೇಲಿ ಒಂದು ಸಲ ಹೀಗಾಯ್ತು.

‘ಡ್ಯಾಂ ಚಲೋ ತುಂಬೇತವ್ವಾ. ಆದ್ರೆ ಮೇಲಿನೋರು ಬಿಟ್ರೆ ತಾನೆ ನಮಗೆ.’

‘ಹಂಗಾದ್ರೆ ಈ ಸಲ ನಾಟಿ ಯಾವಾಗ?’

‘ನಾಟಿ ನಾನು ಮಾಡಿಸ್ತಿಲ್ಲ. ಪಾಲಿಗೆ ಕೊಟ್ಟೀನಿ.’

‘ಯಾಕೆ ಅಪ್ಪಾಜಿ?’

‘ಬದುವಿನ ಮ್ಯಾಲೆ ಓಡಾಡೋಕೆ ಆಗಲ್ಲ ಬಿಡು.’

ಮೊಣಕಾಲು ನೋವು ಅನ್ನೋದು ಅವರ ಬಾಯಿಂದ ಬರಲೇ ಇಲ್ಲ, ಗದ್ದೆ ಹೇಳ್ತು. ಹಿಂದಿನ ವಾರವಷ್ಟೇ ‘ಎಲ್ಲಾ ಆರಾಮ’ ಅಂದಿದ್ರು. ಅವ್ವನ ಹತ್ರ ಆದ್ರೆ ‘ರೊಟ್ಟಿ ಯಾರು ತಟ್ಟಿದ್ರು’ ಅಂತ ಕೇಳು. ಅಂಗಡಿಯಿಂದ ತರಿಸಿದ್ವಿ ಅಂದ್ರೆ ಕೈಯಲ್ಲಿ ಏನೋ ನೋವಿದೆ ಅಂತ ತಿಳ್ಕೋ. ಅತ್ತಿಗೆ ತಟ್ಟಿದ್ಲು ಅಂದ್ರೆ, ಯಾವ ದನೀಲಿ ಹೇಳ್ತಾಳೆ ಅಂತ ಕೇಳಿಸ್ಕೋ, ಮನೆ ಒಳಗಿನ ಹವಾಮಾನ ಪೂರ್ತಿ ಸಿಗುತ್ತೆ.

ಕಾಯಿಲೆ ಮುಚ್ಚಿಡೋದಂತೂ ನಮ್ಮೋರಿಗೆ ಧರ್ಮ ಆಗಿಬಿಟ್ಟಿದೆ. ‘ದೂರ ಇರೋಳಿಗೆ ಯಾಕೆ ಚಿಂತೆ ಹಚ್ಚಬೇಕು’ ಅಂತ. ನಮ್ಮ ಅಪ್ಪಾಜಿಗೆ ಎದೆನೋವು ಬಂದು, ಸ್ಟೆಂಟ್ ಹಾಕಿ, ಮನೆಗೆ ಕರ್ಕೊಂಡು ಬಂದು, ಮೆತ್ತಗಿನ ಅನ್ನ ಉಣ್ಣಿಸೋಕೆ ಶುರು ಮಾಡಿದ ಮೇಲೆ ನನಗೆ ಹೇಳಿದ್ರು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಬೈದು ಪ್ರಯೋಜನ ಇಲ್ಲ, ಬೈದ್ರೆ ಮುಂದಿನ ಸಲ ಇನ್ನೂ ಚೆನ್ನಾಗಿ ಮುಚ್ಚಿಡ್ತಾರೆ. ಮನೇಲಿ ಒಬ್ಬರನ್ನ ಹಿಡ್ಕೋಬೇಕು. ಅಣ್ಣತಮ್ಮಂದಿರು ಈ ಕೆಲಸಕ್ಕೆ ಬರಲ್ಲ, ಗಂಡಸರಿಗೆ ‘ಏನೂ ಆಗಿಲ್ಲ ಬಿಡು’ ಅನ್ನೋದೇ ದೊಡ್ಡಸ್ತಿಕೆ. ನಾನು ಹಿಡ್ಕೊಂಡಿದ್ದು ಅತ್ತಿಗೇನ. ನಮ್ಮಿಬ್ಬರ ನಡುವೆ ಒಪ್ಪಂದ ಇದೆ: ಅವಳು ನನ್ನಿಂದ ಏನೂ ಮುಚ್ಚಿಡಬಾರದು, ನಾನು ಅವಳು ಹೇಳಿದ್ಲು ಅಂತ ಎಲ್ಲೂ ಬಾಯಿ ಬಿಡಬಾರದು. ಇನ್ನೊಂದು ಷರತ್ತು ಅವಳೇ ಹಾಕಿದ್ದು, ನ್ಯಾಯವಾದದ್ದೇ. ಸುದ್ದಿ ಕೇಳಿದ ಕೂಡಲೇ ಇಂಟರ್‌ನೆಟ್ಟಲ್ಲಿ ಓದಿ ‘ಅದು ಮಾಡಿಸಿ, ಇದು ಮಾಡಿಸಿ, ಆ ಡಾಕ್ಟರ್ ಬೇಡ’ ಅಂತ ಇಲ್ಲಿಂದ ಆರ್ಡರ್ ಹಾಕಬಾರದು. ಆಸ್ಪತ್ರೆ ಮೆಟ್ಟಿಲು ಹತ್ತಿ ಇಳಿಯೋರು ಅವರು. ಬೇಕಾದ್ರೆ ‘ನಾಳೆ ಜೊತೆಗೆ ಯಾರು ಹೋಗ್ತಾರೆ, ಮಕ್ಕಳನ್ನ ಸ್ಕೂಲಿಂದ ಯಾರು ಕರ್ಕೊಂಡು ಬರ್ತಾರೆ’ ಅಂತ ಕೇಳು, ಅದಕ್ಕೊಂದು ದಾರಿ ಮಾಡು.

ಇಲ್ಲೊಂದು ಮಾತು ಕೇಳ್ತೀನಿ, ಸಿಟ್ಟಾಗಬೇಡ. ನೀನು ಅವ್ವನಿಗೆ ಏನೇನು ಹೇಳಿದ್ದೀಯ? ಬೇಸ್‌ಮೆಂಟ್ ಮನೆ ಅಂತ ಹೇಳಿದ್ದೀಯಾ? ನಿನ್ನ ಯಜಮಾನ್ರಿಗೆ ಇನ್ನೂ ಅವರ ಓದಿಗೆ ತಕ್ಕ ಕೆಲಸ ಸಿಕ್ಕಿಲ್ಲ ಅಂತ? ಐಸ್ ಮೇಲೆ ಜಾರಿ ಬಿದ್ದದ್ದು? ನನಗೆ ಇಷ್ಟೆಲ್ಲ ಬರೆದಿದ್ದೀಯ, ಆದ್ರೆ ಊರಲ್ಲಿ ನೀನು ಹೇಳಿರೋದು ‘ಸೂಪರ್ ಆಗಿದೆ ಅವ್ವ, ಹಿಮ ನೋಡು ಎಷ್ಟು ಚೆಂದ’ ಅಂತಲೇ ಇರುತ್ತೆ. ಅವರೂ ನಿನ್ನ ಹಾಗೇ. ಎರಡೂ ಕಡೆಯೋರು ನಗುಮುಖ ಹೊತ್ತು ಕೂತ್ರೆ ಫೋನ್ ಬಿಲ್ ಬರುತ್ತೆ, ಸುದ್ದಿ ಬರಲ್ಲ. ನಿನ್ನ ಕಡೆಯಿಂದ ಒಂದು ಸಣ್ಣ ಕಷ್ಟ ಹೇಳಿ ನೋಡು. ದೊಡ್ಡದು ಬೇಡ, ರಾತ್ರಿ ನಿದ್ದೆ ಕೆಡಿಸೋದು ಬೇಡ. ‘ಅವ್ವ, ಇಲ್ಲಿ ಸಂಜೆ ಐದಕ್ಕೇ ಕತ್ತಲು, ಮನೆಗೆ ಬಂದ್ರೆ ಯಾರ ಮುಖಾನೂ ಕಾಣಲ್ಲ, ಸಾರು ಮಾಡೋಕೂ ಮನಸ್ಸಾಗಲ್ಲ’ ಅಂತ ಹೇಳು. ಅವ್ವ ಮೊದಲು ‘ಅಯ್ಯೋ’ ಅಂತಾಳೆ, ಆಮೇಲೆ ತಾನು ಮದುವೆಯಾಗಿ ಬಂದ ಹೊಸದರಲ್ಲಿ ಹೇಗಿತ್ತು ಅಂತ ಶುರು ಮಾಡ್ತಾಳೆ. ಅದು ನೀನು ಯಾವತ್ತೂ ಕೇಳಿರದ ಕತೆ ಆಗಿರುತ್ತೆ.

ತಮ್ಮನ ವಿಷಯ. ನಿನಗೆ ಹೇಳಲಿಲ್ಲ ಅನ್ನೋದನ್ನ ನಾನು ತಪ್ಪು ಅಂತ ನೋಡಲ್ಲ. ಹೆಣ್ಣು ನೋಡೋ ಹಂತದಲ್ಲಿ ನಮ್ಮ ಮನೆಗಳಲ್ಲಿ ಬಾಯಿ ಬಿಡೋದೇ ಇಲ್ಲ. ಹತ್ತು ಕಡೆ ಹೋಗ್ತಾರೆ, ಒಂದು ಕೂಡಿ ಬರುತ್ತೆ. ಮುಂಚೆ ಹೇಳಿ ಆಮೇಲೆ ತಪ್ಪಿಹೋದ್ರೆ ಹುಡುಗಿಗೂ ಕೆಟ್ಟ ಹೆಸರು. ಊರಲ್ಲಿದ್ದಿದ್ರೆ ನೀನು ಕೇಳೋ ಮೊದಲೇ ಮುಖ ನೋಡಿ ಗೊತ್ತಾಗ್ತಿತ್ತು, ಅಷ್ಟೇ ವ್ಯತ್ಯಾಸ. ಆ ಚಿಕ್ಕಮ್ಮನ ಮಗಳ ಸ್ಟೇಟಸ್ ಇದೆಯಲ್ಲ, ಅದಕ್ಕೆ ಅವ್ವಾನೂ ಅವಳಿಗೆ ಚೆನ್ನಾಗಿ ಬೈದಿರ್ತಾಳೆ, ಬೇಕಾದ್ರೆ ಕೇಳಿ ನೋಡು.

ಸಿಟ್ಟು ಬಿಟ್ಟು ಈಗ ಮಾಡೋ ಕೆಲಸ ಬೇರೆ ಇದೆ. ತಮ್ಮನ ಮದುವೆ ಇಟ್ಕೊಂಡು ಡಿಸೆಂಬರ್ ಟಿಕೆಟ್ ಯಾಕೆ ಕೇಳ್ತೀಯ? ಮುಹೂರ್ತ ತೆಗೆಸೋಕೆ ಮುಂಚೆ ಅವ್ವನಿಗೆ ಫೋನ್ ಮಾಡಿ, ‘ಅಯ್ಯನೋರಿಗೆ ಹೇಳ್ರಿ, ಯುಗಾದಿ ಆದ ಮೇಲಿನ ದಿನ ನೋಡಲಿ, ನನಗೆ ರಜೆ ಮಂಜೂರಾಗಬೇಕು, ಕಳಸ ಹಿಡಿಯೋ ಕಳಸಗಿತ್ತಿ ನಾನೇ’ ಅಂತ ಹಕ್ಕಿನಿಂದ ಕೇಳು. ಬೇಡಿಕೊಳ್ಳಬೇಡ. ಒಬ್ಬಳೇ ಅಕ್ಕ ನೀನು, ನಿನ್ನ ಬಿಟ್ಟು ಮದುವೆಯ ಸುರಗಿ ಸುತ್ತೋ ಶಾಸ್ತ್ರ ಮಾಡೋಕೆ ಅವರಿಗೂ ಮನಸ್ಸಿರಲ್ಲ. ಕೇಳಲಿಲ್ಲ ಅಂದ್ರೆ ಮಾತ್ರ ಮೂರು ವಾರ ಇರೋವಾಗ ‘ದಿನ ಕೂಡಿ ಬಂತು’ ಅಂತ ಕಾರ್ಡಿನ ಫೋಟೋ ಕಳಿಸ್ತಾರೆ. ಆಗ ಟಿಕೆಟ್ ರೇಟು ನೋಡಿದ್ರೆ ಅಳು ಬರುತ್ತೆ. ಟೊರಾಂಟೊದಿಂದ ಬೆಂಗಳೂರಿಗೆ ನೇರ ವಿಮಾನ ಇಲ್ಲ, ದಿಲ್ಲಿಲೋ ಯುರೋಪಲ್ಲೋ ಕೊಲ್ಲಿ ದೇಶದಲ್ಲೋ ಇಳಿದು ಹತ್ತಬೇಕು. ಅಲ್ಲಿಂದ ನಮ್ಮೂರಿಗೆ ಇನ್ನೂ 260 ಕಿಲೋಮೀಟರ್. ಈಗ ವಂದೇ ಭಾರತ್ ಕೂಡ ದಾವಣಗೆರೇಲಿ ನಿಲ್ಲುತ್ತೆ, 2023ರಿಂದ. ಆದ್ರೆ ಹೆದ್ದಾರಿ ಚೆನ್ನಾಗಿದೆ, ದೊಡ್ಡ ಸೂಟ್‌ಕೇಸ್ ಇದ್ದಾಗ ಕಾರೇ ವಾಸಿ.

ಹೋಗೋಕೆ ಆಗದೇ ಇದ್ದ ಮದುವೆಗಳ ಬಗ್ಗೆ ಒಂದು ಮಾತು, ಅವು ಬಹಳ ಬರ್ತವೆ. ತಾಳಿ ಕಟ್ಟೋ ಹೊತ್ತಿಗೆ ವಿಡಿಯೋ ಕಾಲ್ ಮಾಡಿ ಅಂತ ಹಟ ಹಿಡೀಬೇಡ. ಓಲಗದ ಸದ್ದಲ್ಲಿ ಏನೂ ಕೇಳಲ್ಲ, ಯಾರದೋ ಬೆನ್ನು ಕಾಣುತ್ತೆ, ಫೋನ್ ಹಿಡ್ಕೊಂಡು ನಿಂತ ಹುಡುಗನಿಗೆ ಮೊದಲ ಪಂಕ್ತಿ ಊಟ ತಪ್ಪುತ್ತೆ. ಮದುವೆ ಮಾರನೇ ದಿನ ಸಂಜೆ ಮಾಡು. ಚಪ್ಪರದ ಬಾಡಿಗೆಯೋರು ಕುರ್ಚಿ ಎಣಿಸ್ತಿರ್ತಾರೆ, ಉಳಿದ ಬೂಂದಿ ಲಾಡು ಪರಾತದಲ್ಲಿ ನಡುಮನೇಲಿ ಇರುತ್ತೆ, ಹೆಂಗಸರು ಕಾಲು ಚಾಚಿ ಕೂತಿರ್ತಾರೆ, ಯಾರಿಗೂ ಎದ್ದು ಹೋಗೋ ತ್ರಾಣ ಇಲ್ಲ. ಆಗ ನೋಡು. ಯಾರು ಬಂದ್ರು, ಯಾರು ಕರೆದ್ರೂ ಬರಲಿಲ್ಲ, ದೊಡ್ಡಪ್ಪ ಯಾಕೆ ಉಣ್ಣದೇ ಎದ್ದು ಹೋದ, ಬೀಗರ ಕಡೆಯೋರು ಮೈಸೂರ್ ಪಾಕಿಗೆ ಏನಂದ್ರು, ಯಾವ ಸೀರೆ ಯಾರಿಗೆ ಹೋಯ್ತು. ನಾನು ಇಲ್ಲಿಂದಲೇ ಕೂತು ಎರಡು ಮನೆತನದ ಮುನಿಸು ಬಿಡಿಸಿದ್ದು ಅಂಥದೊಂದು ಸಂಜೆಲಿ, ಅದು ಬೇರೆ ಪುರಾಣ. ಮದುವೆಯ ನಿಜವಾದ ಸುದ್ದಿ ಅವತ್ತೇ ಸಿಗೋದು. ಹಬ್ಬಕ್ಕೂ ಅಷ್ಟೇ, ಜಾತ್ರೆಗೂ ಅಷ್ಟೇ.

ಆಫೀಸಿನ ಮಾತು. ಜನವರಿ ಮೊದಲ ವಾರ ಊಟದ ಕೋಣೇಲಿ ಬಿಸ್ಕತ್ತಿನ ಡಬ್ಬಿಗಳು, ಗೋಡೆ ಪಕ್ಕ ಉಪ್ಪು ಹತ್ತಿದ ಬೂಟುಗಳ ಸಾಲು, ಎಲ್ಲರೂ ಎಲ್ಲರಿಗೂ ‘ರಜೆ ಹೇಗಿತ್ತು’ ಅಂತ ಕೇಳೋದು. ನಿನಗೆ ಹೊಟ್ಟೆ ಕಿವುಚಿದ ಹಾಗಾಯ್ತು ಅಂದೆ. ನನಗೂ ಮೊದಮೊದಲು ಆಗ್ತಿತ್ತು. ಆದ್ರೆ ಅವರು ಹೇಳೋದನ್ನ ಪೂರ್ತಿ ಕೇಳು. ನನ್ನ ಪಕ್ಕ ಕೂರೋ ಹೆಂಗಸಿನ ತಾಯಿ ಇರೋದು ಸಡ್ಬರೀಲಿ, ಇಲ್ಲಿಂದ 400 ಕಿಲೋಮೀಟರ್, ಹಿಮ ಬಿದ್ರೆ ಇಡೀ ದಿನದ ದಾರಿ. ವರ್ಷಕ್ಕೆ ಒಂದೇ ಸಲ ಹೋಗ್ತಾಳೆ, ಅದೂ ಕ್ರಿಸ್‌ಮಸ್‌ಗೆ. ಮೊದಲ ದಿನ ‘ತುಂಬಾ ಚೆನ್ನಾಗಿತ್ತು’ ಅಂದ್ಲು. ವಾರ ಕಳೆದ ಮೇಲೆ ಮೆಲ್ಲಗೆ ಹೊರಗೆ ಬಂತು: ಅಣ್ಣ ತಾಯಿ ಮನೆ ಮಾರಿ ಅವರನ್ನ ವೃದ್ಧಾಶ್ರಮಕ್ಕೆ ಸೇರಿಸೋಣ ಅಂತಾನೆ, ತಂಗಿ ಬೇಡ ಅಂತಾಳೆ, ಊಟದ ಟೇಬಲ್ಲಿನ ಮೇಲೇ ಜಗಳ. ನಾನು ಅವಳಿಗೆ ನಮ್ಮ ದೊಡ್ಡಪ್ಪನ ಮನೆ ಪಾಲಿನ ಕತೆ ಹೇಳಿದೆ. ಇಬ್ಬರೂ ಒಂದು ತಾಸು ಕೆಲಸ ಬಿಟ್ಟು ಮಾತಾಡಿದ್ವಿ. ಹಾಗಾಗಿ ಅವರ ಫೋಟೋ ನೋಡಿ ನೀನು ಹೋಲಿಸ್ಕೋಬೇಡ. ನಿನ್ನನ್ನ ಕೇಳಿದ್ರೆ ‘ನಮ್ಮ ಹಬ್ಬ ಜನವರಿ ಮಧ್ಯದಲ್ಲಿ ಬರುತ್ತೆ’ ಅನ್ನು, ಆಮೇಲೆ ಎಳ್ಳು-ಬೆಲ್ಲ ಒಯ್ದು ಕೊಡು. ಡಬ್ಬಿ ಮೇಲೆ ಶೇಂಗಾ, ಎಳ್ಳು ಇದೆ ಅಂತ ದಪ್ಪಗೆ ಬರೆದಿಡು. ಎರಡೂ ಕೆನಡಾ ಸರ್ಕಾರದ ಅಲರ್ಜಿ ಪಟ್ಟೀಲಿ ಇರೋ ಪದಾರ್ಥ, ಕೆಲವರಿಗೆ ಜೀವಕ್ಕೇ ಅಪಾಯ. ಮುಂದೆ ಮಕ್ಕಳಾದ ಮೇಲೂ ನೆನಪಿರಲಿ, ಶಾಲೆಗೆ ಶೇಂಗಾ ಉಂಡೆ ಕಳಿಸೋ ಹಾಗಿಲ್ಲ.

ಅಡುಗೆ ವಿಷಯ ಕೇಳಿಲ್ಲ ನೀನು, ಆದ್ರೂ ಹೇಳ್ತೀನಿ. ಅವರೆಕಾಳು ಸಿಗಲ್ಲ ಅಂತ ಅಳಬೇಡ. ಗುಜರಾತಿ ಅಂಗಡಿಯ ಫ್ರೀಜರಿನಲ್ಲಿ ‘ಸುರ್ತಿ ಪಾಪ್ಡಿ ಲೀಲ್ವಾ’ ಅಂತ ಹಸಿರು ಪ್ಯಾಕೆಟ್ ಇರುತ್ತೆ, ಅದೇ ನಮ್ಮ ಅವರೆಕಾಳಿಗೆ ಹತ್ತಿರದ್ದು. ಪಕ್ಕದಲ್ಲೇ ‘ತುವರ್ ಲೀಲ್ವಾ’ ಇರುತ್ತೆ, ಅದು ತೊಗರಿಕಾಳು, ನೋಡಿ ತಗೋ. ಸಜ್ಜೆ ಹಿಟ್ಟು ‘ಬಾಜ್ರಿ’ ಅಂತ ಸಿಗುತ್ತೆ, ರೊಟ್ಟಿ ಚೆನ್ನಾಗಿ ಬರುತ್ತೆ. ಮಂಡಕ್ಕಿ ಮಾತ್ರ ಇಲ್ಲ. ಕುರ್ಮುರಾ ಅಂತ ಮಾರೋದು ಬಾಯಿಗೆ ಹಾಕಿದ್ರೆ ಗಾಳಿ. ನಮ್ಮ ಮಂಡಕ್ಕಿ ಭಟ್ಟಿಯ ಮಾಲು ಬೇಕು ಅಂದ್ರೆ ಯಾರಾದ್ರೂ ಊರಿಂದ ಬರೋವಾಗ ಸೂಟ್‌ಕೇಸಲ್ಲಿ ಜಾಗ ಮಾಡಿಸಬೇಕು, ತೂಕ ಇರಲ್ಲ, ಜಾಗ ತಿನ್ನುತ್ತೆ. (ಬೆಣ್ಣೆ ದೋಸೆ ಬಗ್ಗೆ ನಾನು ಬರೆಯಲ್ಲ. ಅದನ್ನ ಬೆಂಗಳೂರಿನೋರೇ ಸಾಕಷ್ಟು ಬರೆದಿದಾರೆ.)

‘ಯಾವಾಗಲೂ ಹೀಗೇನಾ’ ಅಂತ ಕೇಳಿದ್ದೀಯ. ಇಲ್ಲ, ಆದ್ರೆ ಪೂರ್ತಿ ಸರಿ ಹೋಗುತ್ತೆ ಅಂತಲೂ ಹೇಳಲ್ಲ. ಅಪ್ಪಾಜಿ, ಅವ್ವ, ತಮ್ಮ, ಅತ್ತಿಗೆ, ಇವರ ದಿನಚರಿ ನಿನ್ನ ಕೈಲಿ ಉಳಿಯುತ್ತೆ, ಉಳಿಸ್ಕೋಬಹುದು. ಅದರಾಚೆ ಇರೋ ಸುತ್ತು ನಿಧಾನಕ್ಕೆ ಬಿಟ್ಟುಹೋಗುತ್ತೆ. ಓಣಿಯ ಮಕ್ಕಳು ಯಾರು ಯಾರ ಮಕ್ಕಳು ಅಂತ ಗೊತ್ತಾಗಲ್ಲ, ನೆಂಟರ ಮನೆ ಸೊಸೆಯಂದಿರ ಹೆಸರು ತಪ್ಪುತ್ತೆ, ತೀರಿಕೊಂಡ ಯಾರನ್ನೋ ‘ಆರಾಮಿದಾರಾ’ ಅಂತ ಕೇಳಿಬಿಡ್ತೀಯ. ಅವರಿಗೂ ನಿನ್ನ ಬಗ್ಗೆ ಅಷ್ಟೇ. ಇದು ನಷ್ಟವೇ, ಯಾರು ಏನೇ ಸಮಾಧಾನ ಹೇಳಿದ್ರೂ. ಅದಕ್ಕೇ ಹೋದಾಗ ಮನೆ ಮನೆಗೆ ಚಾಕೊಲೇಟ್ ಹಂಚ್ಕೊಂಡು ಸುತ್ತಬೇಡ, ಒಂದೊಂದು ಮನೇಲಿ ಅರ್ಧ ಗಂಟೆ ಕೂತು ಉಪ್ಪಿಟ್ಟು ತಿಂದು ಎದ್ರೆ ಏನೂ ತಿಳಿಯಲ್ಲ. ಎಲ್ಲರನ್ನೂ ಒಟ್ಟಿಗೆ ನೋಡಬೇಕು ಅಂದ್ರೆ ದುಗ್ಗಮ್ಮನ ಜಾತ್ರೆಗೆ ಸರಿಯಾಗಿ ಹೋಗು. ಎರಡು ವರ್ಷಕ್ಕೊಂದು ಸಲ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಬರುತ್ತೆ, ನಮ್ಮೂರಲ್ಲಿ ಆಗ ನೆಂಟರಿಲ್ಲದ ಮನೆ ಇರಲ್ಲ. ನೀನು ಅಂಗಳದಲ್ಲಿ ಕೂತಿದ್ರೆ ಸಾಕು, ಅವರೇ ಬರ್ತಾರೆ. ಉಳಿದ ದಿನ ಅವ್ವನ ಜೊತೆ ಸಂತೆಗೆ ಹೋಗು, ಅಪ್ಪಾಜಿ ಜೊತೆ ಬ್ಯಾಂಕಿನ ಸಾಲಲ್ಲಿ ನಿಲ್ಲು.

ಇಲ್ಲಿಯ ಚಳಿಗಾಲಕ್ಕೂ ಒಂದು ಏರ್ಪಾಟು ಬೇಕು. ಫೆಬ್ರವರಿ ಮೂರನೇ ಸೋಮವಾರ ಒಂಟಾರಿಯೊದಲ್ಲಿ ಫ್ಯಾಮಿಲಿ ಡೇ ಅಂತ ರಜೆ, 2008ರಿಂದ ಬಂದದ್ದು. ಅವತ್ತು ನಮ್ಮ ಕಡೆಯ ನಾಲ್ಕೈದು ಮನೆಯೋರು ನಮ್ಮಲ್ಲಿ ಸೇರ್ತೀವಿ. ಹರಿಹರದೋರು, ಹೊಳಲ್ಕೆರೆಯೋರು, ಚಿತ್ರದುರ್ಗದ ಒಬ್ಬ ಮೇಷ್ಟ್ರ ಮಗ. ಅವನು ಬಂದ್ರೆ ಕೋಟೆ ಬಿಟ್ಟು ಬೇರೆ ಮಾತಾಡಲ್ಲ, ತಡ್ಕೋಬೇಕು. ಮೆಣಸಿನಕಾಯಿ ಬಜಿ ಕರೀತೀವಿ, ಮಕ್ಕಳು ಚೌಕಾಬಾರ ಆಡ್ತವೆ. ನೀವಿಬ್ಬರೂ ಬನ್ನಿ. ಫೋನ್ ನಂಬರ್ ಬೇರೆ ಕಳಿಸ್ತೀನಿ.

ಕೊನೇದಾಗಿ ಅಪ್ಪಾಜಿ-ಅವ್ವನ್ನ ಕರೆಸೋ ವಿಚಾರ. ಕರೆಸು, ಆದ್ರೆ ಚಳಿಗಾಲದಲ್ಲಿ ಖಂಡಿತ ಬೇಡ. ನಿಮಗೆ ಪಿಆರ್, ಅಂದ್ರೆ ಇಲ್ಲಿ ಕಾಯಂ ಇರೋ ಅನುಮತಿ, ಆಗಿದೆ ಅಂದ್ರೆ ಅಪ್ಪ-ಅಮ್ಮಂದಿರು ಬಹಳ ದಿನ ಬಂದಿರೋಕೆ ಕೊಡೋ ಸೂಪರ್ ವೀಸಾಕ್ಕೆ ಅರ್ಜಿ ಹಾಕಬಹುದು. 2022ರ ಜುಲೈನಿಂದ ಒಂದು ಸಲ ಬಂದ್ರೆ ಐದು ವರ್ಷದವರೆಗೂ ಇರೋಕೆ ಅವಕಾಶ ಇದೆ. ಅಷ್ಟು ದಿನ ನಮ್ಮೂರೋರು ಯಾರೂ ಇರಲ್ಲ, ಮೂರನೇ ತಿಂಗಳಿಗೆ ‘ಮನೆ ಬೀಗ ಹಾಕೇತೆ, ಗಿಡಕ್ಕೆ ನೀರಿಲ್ಲ’ ಅಂತ ಶುರು ಮಾಡ್ತಾರೆ. ನಿಮ್ಮ ಆದಾಯ ಇಷ್ಟಿರಬೇಕು ಅಂತ ಮಿತಿ ಇದೆ, ಅದನ್ನ ಮೊದಲು ನೋಡ್ಕೋ. ಕನಿಷ್ಠ ಒಂದು ಲಕ್ಷ ಡಾಲರಿನ, ಒಂದು ವರ್ಷದ ಆರೋಗ್ಯ ವಿಮೆ ಕಡ್ಡಾಯ. ವಯಸ್ಸು, ಬಿಪಿ, ಶುಗರ್ ನೋಡಿ ಕಂತು ಏರುತ್ತೆ, ಹಾಗಾಗಿ ನಾಲ್ಕು ಕಡೆ ವಿಚಾರಿಸು. ಇರೋ ಕಾಯಿಲೆ ಒಂದನ್ನೂ ಅರ್ಜೀಲಿ ಮುಚ್ಚಿಡಬೇಡ ಅಂತ ಅಪ್ಪಾಜಿಗೆ ಎರಡು ಸಲ ಹೇಳು. ವಿಮೆ ಕಂಪನಿ ಮುಂದೂ ‘ಆರಾಮ’ ಅಂದ್ರೆ ಆಮೇಲೆ ಕ್ಲೇಮ್ ಸಿಗಲ್ಲ. ಮೇ ಕೊನೇಲಿ ಬಂದು ಸೆಪ್ಟೆಂಬರಲ್ಲಿ ಹೋಗೋ ಹಾಗೆ ಮಾಡು. ಜೂನಲ್ಲಿ ಇಲ್ಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತಕ್ಕೆ, ನಮ್ಮವ್ವ ಮೊದಲ ಸಲ ಬಂದಾಗ ದೇವರ ದೀಪ ಯಾವಾಗ ಹಚ್ಚಬೇಕು ಅಂತ ತಿಳೀದೆ ಎಂಟೂವರೆವರೆಗೂ ಬತ್ತಿ ಹೊಸೀತಾ ಕೂತಿದ್ಲು. ಕೊನೆಗೆ ಊರಿನ ಟೈಮ್ ನೋಡ್ಕೊಂಡು ಹಚ್ಚೋಕೆ ಶುರು ಮಾಡಿದ್ಲು. ಅಪ್ಪಾಜಿನ್ನ ಪೋರ್ಟ್ ಕ್ರೆಡಿಟ್ ಕಡೆ ಒಂಟಾರಿಯೊ ಸರೋವರದ ದಡಕ್ಕೆ ಕರ್ಕೊಂಡು ಹೋಗು, ಸೂಳೆಕೆರೆ ಜೊತೆ ಹೋಲಿಸಿ ದಿನಾ ಒಂದು ಪ್ರಶ್ನೆ ಕೇಳ್ತಾರೆ.

ಬರೋವಾಗ ಸ್ವೆಟರ್ ತುಂಬ್ಕೊಂಡು ಬರಬೇಡಿ ಅನ್ನು, ಮೇನಲ್ಲಿ ಅದು ಬೇಕಾಗಲ್ಲ, ಬೇಕಾದ ಚಳೀಲಿ ಅದು ಸಾಕಾಗಲ್ಲ. ದಿನಾ ತಗೊಳ್ಳೋ ಮಾತ್ರೆ, ಅದರ ಚೀಟಿ, ಕನ್ನಡಕ ಎರಡು ಜೊತೆ, ಇಷ್ಟು ಕೈಚೀಲದಲ್ಲಿ ಇರಲಿ. ಉಳಿದ ತೂಕಕ್ಕೆ ಗುರೆಳ್ಳು ಚಟ್ನಿಪುಡಿ ತರಲಿ, ಒಂದು ಡಬ್ಬಿ ನನಗೂ.